ಎಂಟುನೂರು ಮೈಕ್ರೋಮೀಟರ್

ಸೀವುಡ್ಸ್
16 ಫೆಬ್ರವರಿ 2025

ಶ್ರೀಮತಿ ಟೀಚರಿಗೆ,

ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ. ಯಾಕೆ ಇಲ್ಲ ಎಂಬುದನ್ನು ಹೇಳಲಿಕ್ಕೇ ಈ ಕಾಗದ.

ಮೆಸೇಜ್ ಮಾಡಬಹುದಿತ್ತು. ಆದರೆ ನಿಮಗೆ ಬಂದ ಮೆಸೇಜನ್ನೆಲ್ಲ ಪ್ರಿಯಾ ಓದಿ ಹೇಳುತ್ತಾಳೆ. ಟಪಾಲು ಮಧ್ಯಾಹ್ನ ಬರುತ್ತದೆ, ಆಗ ಅವಳು ಥಾಣೆಯ ತನ್ನ ಬ್ಯಾಂಕಿನ ಕೆಲಸದಲ್ಲಿರುತ್ತಾಳೆ. ಇಷ್ಟು ಲೆಕ್ಕ ಹಾಕಿಯೇ ಬರೆಯುತ್ತಿದ್ದೇನೆ, ಟೀಚರೇ. ಗೆಳತಿಯ ಕಣ್ಣು ತಪ್ಪಿಸಿ ಅವಳ ತಾಯಿಗೆ ಬರೆಯುವ ದಿನ ಬರುತ್ತದೆಂದು ತಿಳಿದಿರಲಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ನಿಮ್ಮ ನಾಲಗೆಯ ಗಡ್ಡೆ ತೆಗೆದರಲ್ಲ, ಆ ತುಂಡು ಪರೀಕ್ಷೆಗೆ ಬಂದದ್ದು ನಮ್ಮ ಲ್ಯಾಬಿಗೆ. ನಾನೇ ಹೇಳಿ ಇಲ್ಲಿಗೆ ತರಿಸಿದ್ದು. ಬೇರೆ ಕಡೆ ಎಂಟು ದಿನ ಕಾಯಿಸುತ್ತಾರೆ, ನಾನು ಬೇಗ ಮಾಡಿಸಿಕೊಡುತ್ತೇನೆ ಎಂದು ಪ್ರಿಯಾಳಿಗೆ ಮಾತು ಕೊಟ್ಟಿದ್ದೆ. ಗಡ್ಡೆಯ ಸುತ್ತ ಒಳ್ಳೆಯ ಮಾಂಸ ಎಷ್ಟು ಅಗಲಕ್ಕೆ ಕತ್ತರಿಸಿ ಬಂದಿದೆ ಎಂದು ಅಳೆಯುತ್ತಾರೆ. ಅದಕ್ಕೆ ಮಾರ್ಜಿನ್ ಅಂತ ಹೆಸರು. ಐದು ಮಿಲಿಮೀಟರ್ ದಾಟಿದರೆ ನೆಮ್ಮದಿ. ಒಂದಕ್ಕಿಂತ ಕಡಿಮೆ ಇದ್ದರೆ ಮತ್ತೆ ಆಪರೇಶನ್, ಇಲ್ಲವೇ ರೇಡಿಯೇಶನ್.

ಆ ತಿಂಗಳು ಲ್ಯಾಬಿಗೆ ಹೊಸ ಮಷಿನ್ ಬಂದಿತ್ತು. ಅದು ಸ್ಲೈಡನ್ನು ಕಂಪ್ಯೂಟರ್ ಪರದೆಯ ಮೇಲೆ ತೋರಿಸುತ್ತದೆ, ಅಳತೆಯನ್ನು ಮೈಕ್ರೋಮೀಟರಿನಲ್ಲಿ ಹೇಳುತ್ತದೆ. ನಮ್ಮ ರಿಪೋರ್ಟಿನ ಫಾರ್ಮು ಮಾತ್ರ ಹಳೆಯದು, ಅದರಲ್ಲಿ ಇರುವುದು ಸೆಂಟಿಮೀಟರ್. ಡಾಕ್ಟರ್ ಸುದರ್ಶನ ಅಳೆದು ಚೀಟಿಯಲ್ಲಿ 800 ಎಂದು ಬರೆದುಕೊಟ್ಟರು. ಅದನ್ನು ಬದಲಾಯಿಸಿ ಟೈಪ್ ಮಾಡುವುದು ನನ್ನ ಕೆಲಸ. ಸಾವಿರದಿಂದ ಭಾಗಿಸಿದೆ, 0.8 ಬಂತು. ಅದು ಮಿಲಿಮೀಟರ್. ಸೆಂಟಿಮೀಟರ್ ಮಾಡಲು ಇನ್ನೊಮ್ಮೆ ಹತ್ತರಿಂದ ಭಾಗಿಸಬೇಕಿತ್ತು. ನಾನು ಭಾಗಿಸಲಿಲ್ಲ. ಸೆಂಟಿಮೀಟರಿನ ಮುಂದೆ 0.8 ಎಂದೇ ಹೊಡೆದೆ. 0.08 ಆಗಬೇಕಿತ್ತು. ಡಾಕ್ಟರು ಸಹಿ ಹಾಕಿದರು.

ಒಂದು ರವೆ ಕಾಳಿನಷ್ಟು ಇದ್ದದ್ದು ಕಡಲೆ ಕಾಳಿನಷ್ಟಾಯಿತು. ರಿಪೋರ್ಟ್ ನೋಡಿದ ಸರ್ಜನ್ ರೇಡಿಯೇಶನ್ ಬೇಡ ಎಂದರು. ಅವತ್ತು ನಿಮ್ಮ ಮನೆಯಲ್ಲಿ ಹೆಸರುಬೇಳೆ ಪಾಯಸ. ನಾನೂ ಎರಡು ಲೋಟ ಕುಡಿದೆ.

ಈಗ ಗಡ್ಡೆ ಮತ್ತೆ ಬಂದು ಕುತ್ತಿಗೆಗೂ ಇಳಿದ ಮೇಲೆ ದೊಡ್ಡ ಆಸ್ಪತ್ರೆಯವರು ಹಳೆಯ ಸ್ಲೈಡ್ ಕೇಳಿದರು. ಕಳಿಸುವ ಮೊದಲು ಒಮ್ಮೆ ತೆರೆದು ನೋಡಿದೆ. ಪರದೆಯ ಮೇಲೆ ಡಾಕ್ಟರ್ ಎಳೆದ ಹಳದಿ ಗೆರೆ ಹಾಗೇ ಇತ್ತು, ಪಕ್ಕದಲ್ಲಿ 800. ರಿಪೋರ್ಟು ತೆಗೆದು ಪಕ್ಕಕ್ಕಿಟ್ಟು ಲೆಕ್ಕ ಮತ್ತೆ ಹಾಕಿದೆ.

ಒಂಬತ್ತನೆಯ ಕ್ಲಾಸಿನಲ್ಲಿ ನೀವೇ ಕಲಿಸಿದ ಪಾಠ. ಬೇರೆ ಯಾರದ್ದೋ ರಿಪೋರ್ಟಿನಲ್ಲಿ ಆಗಿದ್ದರೆ ಹೀಗೆ ಅನ್ನಿಸುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಕ್ಷಮಿಸಿ ಟೀಚರೇ. ಕ್ಷಮಿಸಿ ಎಂದು ಬರೆಯಲಿಕ್ಕೂ ನಾಚಿಕೆಯಾಗುತ್ತದೆ, ಆದರೂ ಕ್ಷಮಿಸಿ.

ನಿಮ್ಮ
ಪ್ರಫುಲ್ಲಾ


ಡೊಂಬಿವಲಿ
2 ಮಾರ್ಚ್ 2025

ಪ್ರಫುಲ್ಲಾ,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಉತ್ತರಕ್ಕೆ ಕಾದು ನೀನು ಏನೇನು ಯೋಚಿಸಿರಬಹುದೆಂದು ನನಗೆ ಗೊತ್ತು. ಬೇಕೆಂದೇ ತಡ ಮಾಡಿದೆ.

ಮೊದಲು ಬಂದದ್ದು ಸಿಟ್ಟು. ಅದನ್ನು ಮುಚ್ಚಿಟ್ಟು ನಿನಗೆ ಸಮಾಧಾನ ಹೇಳುವಷ್ಟು ದೊಡ್ಡವಳು ನಾನಲ್ಲ. ಕಾಗದ ಹರಿಯಲು ತೆಗೆದಿದ್ದೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಮಾಡಿದ ನಾಲಗೆ, ಈಗ ಮನೆಗೆಲಸದ ದ್ರೌಪದಿಗೆ ಕಸ ತೆಗೆದುಕೋ ಎಂದು ಹೇಳಬೇಕಾದರೂ ಕೈಸನ್ನೆ ಮಾಡಬೇಕು. ಮೂಗಿನಲ್ಲಿ ನಳಿಗೆ ಹಾಕಿದ್ದಾರೆ, ಗಂಜಿ ಅದರಲ್ಲೇ. ರುಚಿ ಎಂಬುದು ಹೋಗಿ ಒಂದು ತಿಂಗಳಾಯಿತು. ಇದೆಲ್ಲ ನಿನ್ನ ಒಂದು ಸೊನ್ನೆಯಿಂದ ಎಂದು ಯೋಚಿಸುತ್ತಾ ಎರಡು ದಿನ ಕಳೆದೆ.

ಮೂರನೆಯ ದಿನ ಬೇರೆ ಯೋಚನೆ ಬಂತು. ರೇಡಿಯೇಶನ್ ಕೊಟ್ಟಿದ್ದರೆ ವಾಸಿಯಾಗುತ್ತಿತ್ತೋ? ಆಗುತ್ತಿತ್ತೇನೋ. ಆಗದೆಯೂ ಇರಬಹುದಿತ್ತು. ಅದು ನನಗಾಗಲಿ ನಿನಗಾಗಲಿ ಯಾವತ್ತೂ ತಿಳಿಯುವುದಿಲ್ಲ. ತಿಳಿಯದೆ ಇರುವುದನ್ನು ಹೊತ್ತುಕೊಂಡು ಇರಬೇಕು, ನಾನು ಸ್ವಲ್ಪ ದಿನ, ನೀನು ಬಹಳ ದಿನ. ನನಗಿಂತ ನಿನ್ನದೇ ಕಷ್ಟ ಎಂದು ಕಂಡಿತು. ಆಗ ಸಿಟ್ಟು ಸ್ವಲ್ಪ ಇಳಿಯಿತು. ಪೂರ್ತಿ ಇಳಿದಿಲ್ಲ.

ಮಿಲಿಮೀಟರಿನಿಂದ ಮೈಕ್ರೋಮೀಟರಿಗೆ ಸಾವಿರ, ಅಲ್ಲಿಂದ ನ್ಯಾನೋಮೀಟರಿಗೆ ಇನ್ನೊಂದು ಸಾವಿರ. ಸೆಂಟಿಮೀಟರು ಮಾತ್ರ ಗಿಡ್ಡ ಮೆಟ್ಟಿಲು, ಬರೀ ಹತ್ತು, ಎಡವುವುದು ಅಲ್ಲೇ ಎಂದು ಬೋರ್ಡಿನ ಮೇಲೆ ಮೆಟ್ಟಿಲು ಬಿಡಿಸಿ ತೋರಿಸುತ್ತಿದ್ದೆ. ನೀನು ಎರಡನೆಯ ಬೆಂಚಿನಲ್ಲಿ ಪ್ರಿಯಾಳ ಪಕ್ಕ ಕೂತಿರುತ್ತಿದ್ದೆ. ನಿನಗೆ ಬಾರದ ಲೆಕ್ಕವಲ್ಲ ಅದು. ಅವಸರ ಮಾಡಿದೆ. ನನಗಾಗಿ ಅವಸರ ಮಾಡಿದೆ. ಅದನ್ನು ಏನೆಂದು ಬಯ್ಯಲಿ?

ಒಂದು ಮಾತು. ನಿನ್ನ ಕಾಗದದಲ್ಲಿ ಕ್ಷಮಿಸಿ ಎಂದು ಮೂರು ಸಲ ಇದೆ. ಬೇರೆ ರೋಗಿಗಳ ಬಗ್ಗೆ ಒಂದು ಸಾಲೂ ಇಲ್ಲ. ಆ ಮಷಿನ್ ಬಂದ ಮೇಲೆ ನೀನು ಕೈಯಲ್ಲಿ ಲೆಕ್ಕ ಹಾಕಿ ಬರೆದ ರಿಪೋರ್ಟು ನನ್ನದೊಂದೇ ಏನು? ಉಳಿದವನ್ನು ನೋಡಿದೆಯಾ? ನೋಡು. ನೋಡಿ ನನಗೆ ಬರೆ.

ಪ್ರಿಯಾಳಿಗೆ ಹೇಳಬೇಡ.

ಶ್ರೀಮತಿ


ಸೀವುಡ್ಸ್
21 ಮಾರ್ಚ್ 2025

ಟೀಚರೇ,

ನೋಡಿದೆ. ಮಷಿನ್ ಬಂದಂದಿನಿಂದ ಕಂಪ್ಯೂಟರಿನಲ್ಲೇ ಅಳತೆ ಬದಲಾಗುವ ವ್ಯವಸ್ಥೆ ಆಗುವ ತನಕ ಆರು ವಾರ. ಅಷ್ಟರಲ್ಲಿ ನಾನು ಬರೆದ ರಿಪೋರ್ಟು ಅರವತ್ತೊಂದು. ದಿನಾ ಊಟದ ಹೊತ್ತಿಗೆ ನಾಲ್ಕೈದು ಸ್ಲೈಡ್ ತೆಗೆದು ಗೆರೆಯ ಪಕ್ಕದ ಅಂಕಿಗೂ ರಿಪೋರ್ಟಿಗೂ ತಾಳೆ ಹಾಕಿದೆ. ಐವತ್ತೊಂಬತ್ತು ಸರಿ ಇವೆ. ಒಂದು ನಿಮ್ಮದು. ಇನ್ನೊಂದು ಕಲ್ಯಾಣದ ಒಬ್ಬರದು, ಸುನಿಲ ಅಂತ ಹೆಸರು, ನಲವತ್ನಾಲ್ಕು ವರ್ಷ. ಕೆನ್ನೆಯ ಒಳಗಿನ ಗಡ್ಡೆ. ಆರುನೂರು ಮೈಕ್ರೋಮೀಟರ್ ಇದ್ದದ್ದನ್ನು 0.6 ಸೆಂಟಿಮೀಟರ್ ಮಾಡಿದ್ದೇನೆ. 0.06 ಆಗಬೇಕು.

ಅದೂ ನಿಮ್ಮ ರಿಪೋರ್ಟಿನ ದಿನವೇ. ನಿಮ್ಮದರ ಹಿಂದಿನದು. ನಿಮ್ಮದಕ್ಕೆ ಬೇಗ ಕೈ ಹಾಕಬೇಕೆಂದು ಅದನ್ನು ಓಡಿಸಿದ್ದೇನೆ.

ಡಾಕ್ಟರ್ ಸುದರ್ಶನರ ಮುಂದೆ ಎರಡೂ ರಿಪೋರ್ಟು ಇಟ್ಟೆ. ತುಂಬಾ ಹೊತ್ತು ನೋಡಿದರು. ಅವರು ಕೆಟ್ಟವರಲ್ಲ ಟೀಚರೇ, ನನಗೆ ಕೆಲಸ ಕಲಿಸಿದವರು. ಆಮೇಲೆ ಬಾಗಿಲು ಹಾಕಿ ಬಾ ಎಂದರು.

"ಪ್ರಫುಲ್ಲಾ, ನಿಮ್ಮ ಟೀಚರ್‌ದು ಈಗ ಬದಲಾಯಿಸಿ ಏನು ಉಪಯೋಗ? ರೋಗ ವಾಪಸ್ ಬಂದಾಗಿದೆ."

"ಇನ್ನೊಬ್ಬರು ಸರ್?"

"ಅವರು ಒಂದು ವರ್ಷದಿಂದ ಆರಾಮಾಗಿದ್ದಾರೆ ಅಂತಾಯಿತಲ್ಲ. ಏನೂ ಆಗದವರನ್ನು ಹೋಗಿ ಹೆದರಿಸುವುದಾ?"

"ಆರಾಮಾಗಿದ್ದಾರೆ ಅಂತ ನಮಗೆ ಹೇಗೆ ಗೊತ್ತು ಸರ್?"

ಅದಕ್ಕೆ ಅವರು, ಸಹಿ ಹಾಕಿದ್ದು ನಾನು, ಲೈಸೆನ್ಸ್ ನನ್ನದು, ಇಲ್ಲಿ ಹದಿನಾಲ್ಕು ಜನ ಕೆಲಸ ಮಾಡುತ್ತಾರೆ ಎಂದರು. ಯೋಚನೆ ಮಾಡು, ಎಂದರು.

ಯೋಚನೆ ಮಾಡುತ್ತಿದ್ದೇನೆ. ಸುನಿಲರ ವಿಳಾಸ ನನ್ನ ಪರ್ಸಿನಲ್ಲಿದೆ. ಎರಡು ಸಲ ಕಲ್ಯಾಣದ ಗಾಡಿ ಹಿಡಿಯಲು ಹೋಗಿ ವಾಪಸ್ ಬಂದೆ.

ಪ್ರಫುಲ್ಲಾ


ಡೊಂಬಿವಲಿ
26 ಮಾರ್ಚ್ 2025

ಪ್ರಫುಲ್ಲಾ,

ಹೋಗು.

ನನ್ನ ಬಳಿ ಕ್ಷಮೆ ಕೇಳಲಿಕ್ಕೆ ಇರುವ ಧೈರ್ಯ ಅವರ ಬಾಗಿಲು ತಟ್ಟಲಿಕ್ಕೆ ಯಾಕಿಲ್ಲ? ನಾನು ನಿನ್ನವಳು, ಹೇಗೂ ಬಿಡುವುದಿಲ್ಲ ಎಂಬ ನಂಬಿಕೆ. ಅವರು ಯಾರೋ. ಅವರು ಬೈಯಬಹುದು, ಹೊಡೆಯಲೂಬಹುದು. ಆದರೂ ಹೋಗು. ಯುಗಾದಿ ಕಳೆದ ಮೇಲೆ ಎಂದು ಮುಂದೆ ಹಾಕಬೇಡ. ಒಂದು ದಿನ ಎಂದರೆ ಏನು ಎಂದು ನನ್ನನ್ನು ನೋಡಿದರೆ ಗೊತ್ತಾಗುತ್ತದೆ.

ಕೈ ನೋಯುತ್ತದೆ, ಇಷ್ಟೇ.

ಶ್ರೀಮತಿ


ಸೀವುಡ್ಸ್
13 ಏಪ್ರಿಲ್ 2025

ಟೀಚರೇ,

ಮಾರ್ಚ್ ಇಪ್ಪತ್ತೊಂಬತ್ತಕ್ಕೇ ಹೋದೆ. ಅವತ್ತು ಶನಿವಾರ. ಅಲ್ಲಿ ಮರುದಿನದ ಯುಗಾದಿಗೆ, ಅವರ ಗುಡಿ ಪಾಡ್ವಾಕ್ಕೆ, ಬೇವಿನ ಎಲೆ, ಸಕ್ಕರೆ ಹಾರ ಮಾರುವವರಿಂದ ರಸ್ತೆ ತುಂಬಿತ್ತು. ಸುನಿಲರದು ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಟೇಲರ್ ಅಂಗಡಿ. ಹಿಂದಿನ ಕೋಣೆಯೇ ಮನೆ. ಮರಾಠಿಯವರು. ಹಬ್ಬದ ಹೊಲಿಗೆ ಮುಗಿಸುವ ಗಡಿಬಿಡಿಯಲ್ಲಿದ್ದರು. ನನ್ನನ್ನು ಗಿರಾಕಿ ಎಂದುಕೊಂಡು, "ತಾಯಿ, ಇವತ್ತು ಹೊಸದು ತೆಗೆದುಕೊಳ್ಳುವುದಿಲ್ಲ" ಎಂದರು. ಅವರಲ್ಲಿ ಅಕ್ಕನನ್ನು ತಾಯಿ ಎಂದೇ ಕರೆಯುವುದು.

ಲ್ಯಾಬಿನಿಂದ ಬಂದೆ ಎಂದಾಗ ಮಷಿನ್ ನಿಲ್ಲಿಸಿದರು. ಅವರ ಹೆಂಡತಿ ಮಾನಸಿ ಒಳಗಿನಿಂದ ಬಂದರು. ನಾನು ಹೇಳಬೇಕಾದ್ದನ್ನು ಮರಾಠಿಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅರ್ಧದಲ್ಲೇ ಮರೆತು ಹೋಯಿತು. ಅಂಗಡಿಯ ಟೇಪು ತೆಗೆದುಕೊಂಡು, ಇಷ್ಟು ಇದೆ ಎಂದು ಬರೆದಿದ್ದೆ, ಇದ್ದದ್ದು ಈ ಚಿಕ್ಕ ಗೆರೆಗಿಂತಲೂ ಕಡಿಮೆ ಎಂದು ತೋರಿಸಿದೆ. ಬಟ್ಟೆ ಅಳೆದೇ ಬದುಕುವವರು ಅವರು. ಮತ್ತೆ ವಿವರಿಸಬೇಕಾಗಲಿಲ್ಲ.

ಮಾನಸಿ ಕೇಳಿದರು: "ನೀವು ಬರೆದದ್ದಾ?"

"ಹೌದು, ನಾನೇ."

"ಒಂದು ವರ್ಷ ಎಲ್ಲಿದ್ದಿರಿ?"

ನನಗೇ ಗೊತ್ತಾದದ್ದು ಈಗ ಎಂದೆ. ಆಕೆ ನನ್ನ ತೋಳು ಹಿಡಿದು ರಸ್ತೆಗೆ ದೂಡಿದರು. ಸುತ್ತ ಜನ ಸೇರಿದರು. ಸುನಿಲರು ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಹೊಲಿಗೆ ಮಷಿನಿನ ಮುಂದೆಯೇ ಕೂತಿದ್ದರು. ಸರಿ ಅಳತೆ ಬರೆದು ನಾನೇ ಸಹಿ ಮಾಡಿದ ಹಾಳೆ, ಪರದೆಯ ಫೋಟೋ, ಸ್ಲೈಡ್ ಕೇಳಿ ಪಡೆಯುವ ಅರ್ಜಿ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅದನ್ನು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟು ಬಂದೆ. ತಿರುಗಿ ನೋಡಿದಾಗ ಮಾನಸಿ ಅದನ್ನು ಎತ್ತಿಕೊಳ್ಳುತ್ತಿದ್ದರು.

ಮೊನ್ನೆ ಅವರದೇ ಫೋನು. ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರಂತೆ. ಹಳೆಯ ಗಾಯದ ಪಕ್ಕದಲ್ಲೇ ಒಂದು ಚುಕ್ಕೆ. ಕುತ್ತಿಗೆಗೆ ಇಳಿದಿಲ್ಲ. ಬರುವ ವಾರ ಆಪರೇಶನ್, ಆಮೇಲೆ ರೇಡಿಯೇಶನ್. ಇಷ್ಟು ಹೇಳಿ, ನಾನು ಏನಾದರೂ ಅನ್ನುವ ಮೊದಲೇ ಇಟ್ಟುಬಿಟ್ಟರು.

ಲ್ಯಾಬಿನ ಕೆಲಸ ಹೋಯಿತು. ಡಾಕ್ಟರ್ ಸುದರ್ಶನ ನನ್ನ ಮುಖ ನೋಡದೆ, ನಾಳೆಯಿಂದ ಬೇಡ ಎಂದರು. ಬೇಸರವಿಲ್ಲ. ನಿಮ್ಮ ಕಡೆಯ ಎಂಐಡಿಸಿಯ ಒಂದು ಫ್ಯಾಕ್ಟರಿಯಲ್ಲಿ ಪೇಂಟಿನ ಪದರ ಎಷ್ಟು ಮೈಕ್ರೋಮೀಟರ್ ದಪ್ಪ ಎಂದು ನೋಡುವ ಕೆಲಸ ಸಿಗುವ ಹಾಗಿದೆ. ಹಾಗಾದರೆ ಡೊಂಬಿವಲಿಗೇ ಬರುತ್ತೇನೆ. ತಗಡಿನ ಮೇಲೆ ತಪ್ಪಿದರೆ ಯಾರೂ ಸಾಯುವುದಿಲ್ಲ.

ಹೋದ ಭಾನುವಾರ ನಾನು ಬಂದಾಗ ಪ್ರಿಯಾ ನನ್ನ ತಟ್ಟೆಗೆ ಬಡಿಸುತ್ತಾ, "ನೀನು ಎಷ್ಟು ಇಳಿದಿದ್ದಿ ಮಾರಾಯ್ತಿ, ಅಮ್ಮನ ಚಿಂತೆಯಲ್ಲಿ ನೀನು ಬೀಳಬೇಡ" ಎಂದಳು. ನೀವು ಮಂಚದಿಂದ ನೋಡುತ್ತಿದ್ದಿರಿ. ನನಗೆ ಆ ಅನ್ನ ಇಳಿಯಲಿಲ್ಲ. ಅವಳಿಗೆ ಹೇಳಲು ಬಿಡಿ ಟೀಚರೇ.

ಪ್ರಫುಲ್ಲಾ


ಡೊಂಬಿವಲಿ
9 ಮೇ 2025

ಪ್ರಫುಲ್ಲಾ,

ಇದನ್ನು ಐದು ದಿನದಿಂದ ಬರೆಯುತ್ತಿದ್ದೇನೆ. ದಿನಕ್ಕೆ ನಾಲ್ಕು ಸಾಲು. ಅಕ್ಷರ ಓರೆಯಾಗಿದೆ, ನನ್ನ ಕೈಬರಹ ಎಂದು ನಿನಗೆ ನಂಬಿಕೆ ಬರಲಿಕ್ಕಿಲ್ಲ.

ಸುನಿಲ ಎಂಬವರಿಗೆ ಆಪರೇಶನ್ ಆಯಿತೇ? ದಿನಾ ಅವರ ಬಗ್ಗೆ ಯೋಚಿಸುತ್ತೇನೆ. ಗುರುತಿಲ್ಲದ ಮನುಷ್ಯ. ಅವರು ಬದುಕಿದರೆ ನನ್ನದೂ ಅದರಲ್ಲಿ ಸ್ವಲ್ಪ ಇದೆ ಎಂದು ಆಸೆ. ಈ ವಯಸ್ಸಿನಲ್ಲಿ ಎಂಥ ಆಸೆ ನೋಡು.

ನಿನ್ನ ಮೇಲಿನ ಸಿಟ್ಟು ಈಗ ಇಲ್ಲ. ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ನಿಮ್ಮ ಅಮ್ಮ ತೀರಿಕೊಂಡ ವರ್ಷ ನೀನು ನಮ್ಮಲ್ಲೇ ಊಟ ಮಾಡಿ, ನಮ್ಮಲ್ಲೇ ಓದಿ, ಪ್ರಿಯಾಳ ಲಂಗ ಹಾಕಿಕೊಂಡು ಶಾಲೆಗೆ ಬರುತ್ತಿದ್ದೆ. ಅಂಥವಳ ಮೇಲೆ ಎಷ್ಟು ದಿನ ಸಿಟ್ಟು ಇಡಲಿಕ್ಕಾಗುತ್ತದೆ? ಮಗಳ ತಪ್ಪು ಎಂದುಕೊಂಡೆ. ಮಗಳು ತಪ್ಪು ಮಾಡಿದರೆ ತಾಯಿ ಎಲ್ಲಿಗೆ ಹೋಗುತ್ತಾಳೆ.

ಪ್ರಿಯಾಳ ವಿಷಯ. ನಾನಿರುವ ತನಕ ಬೇಡ. ಇದು ನನ್ನ ಸ್ವಾರ್ಥ. ಅವಳಿಗೆ ಗೊತ್ತಾದರೆ ಅವಳು ಲ್ಯಾಬಿಗೆ ಓಡುತ್ತಾಳೆ, ಪೊಲೀಸರ ಹತ್ತಿರ ಓಡುತ್ತಾಳೆ, ನಿನ್ನೊಂದಿಗೆ ಜಗಳಾಡುತ್ತಾಳೆ. ನನಗೆ ಅವಳು ಪಕ್ಕದಲ್ಲಿ ಕೂತಿರಬೇಕು. ಅವಳ ಅಪ್ಪ ಹೋದ ಮೇಲೆ ಅವಳಿಗೆ ನಾನು ಮತ್ತು ನೀನು ಇಬ್ಬರೇ. ಇಬ್ಬರೂ ಒಂದೇ ದಿನ ಹೋಗಬಾರದು.

ಆಮೇಲೆ ಅವಳಾಗಿ ಕೇಳಿದರೆ ಸುಳ್ಳು ಹೇಳಬೇಡ. ಕೇಳದಿದ್ದರೆ ನಿನಗೆ ಬಿಟ್ಟದ್ದು.

ಇನ್ನು ಬರೆಯಲು ಆಗುತ್ತದೋ ಇಲ್ಲವೋ.

ಅಮ್ಮ ಎಂದು ಸಹಿ ಹಾಕಬೇಕೆಂದಿದ್ದೆ. ನೀನು ಟೀಚರ್ ಎಂದೇ ಕರೆದವಳು. ಇರಲಿ.

ನಿನ್ನ ಟೀಚರ್
ಶ್ರೀಮತಿ


ಡೊಂಬಿವಲಿ
22 ಜೂನ್ 2025

ಪುಲ್ಲೀ,

ಮೂರು ಬಿಲ್ಡಿಂಗ್ ಆಚೆ ಇರುವವಳಿಗೆ ಕಾಗದ ಬರೆಯುತ್ತಿದ್ದೇನೆಂದು ನಗಬೇಡ. ಎದುರು ಕೂತರೆ ಇಬ್ಬರೂ ಅಳುತ್ತೇವೆ, ಮಾತು ಮುಂದೆ ಹೋಗುವುದಿಲ್ಲ. ಮೊಬೈಲಿನಲ್ಲಿ ಅಮ್ಮನ ಹೆಸರು ಟೈಪ್ ಮಾಡಲು ಹೋದರೆ ಬೆರಳು ನಿಲ್ಲುತ್ತದೆ.

ಅಮ್ಮ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಆ ದಿನ ಸ್ಮಶಾನದಿಂದ ಬಂದವರೆಲ್ಲ ಒಬ್ಬೊಬ್ಬರಾಗಿ ಹೋದ ಮೇಲೆ ನೀನೊಬ್ಬಳು ಉಳಿದೆ. ಅಡುಗೆಮನೆ ತೊಳೆದೆ, ಅಮ್ಮನ ಮಂಚ ಮಡಿಸಿಟ್ಟೆ, ನನ್ನ ತಲೆಗೆ ಎಣ್ಣೆ ಹಾಕಿದೆ. ನಾಲ್ಕು ತಿಂಗಳಿನಿಂದ ನೀನು ಮಾಡಿದ್ದನ್ನು ಒಡಹುಟ್ಟಿದವರೂ ಮಾಡುವುದಿಲ್ಲ. ನಿನಗೆ ಥ್ಯಾಂಕ್ಸ್ ಹೇಳಿದರೆ ಅಮ್ಮ ಮೇಲಿನಿಂದ ಬಯ್ಯುತ್ತಾರೆ. ಆದರೂ ಬರೆದಿಡುತ್ತೇನೆ. ನೀನಿಲ್ಲದಿದ್ದರೆ ನಾನು ಇರುತ್ತಿರಲಿಲ್ಲ.

ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಅಮ್ಮನ ಫೈಲು ವಾಪಸ್ ತರಲು ನಿನ್ನೆ ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿಯ ಡಾಕ್ಟರ್ ಒಬ್ಬರು ಫೈಲು ತಿರುವುತ್ತಾ, "ಮಾರ್ಜಿನ್ ಇಷ್ಟು ಕಡಿಮೆ ಇದ್ದೂ ಆಗ ರೇಡಿಯೇಶನ್ ಯಾಕೆ ಕೊಡಲಿಲ್ಲ?" ಎಂದರು. ಕಡಿಮೆ ಎಲ್ಲಿತ್ತು, ಚೆನ್ನಾಗಿತ್ತಲ್ಲ ಎಂದೆ. ಅವರು ಫೈಲು ಮುಚ್ಚಿದರು. ಅದು ನಿನಗೆ ಗೊತ್ತಿರುವ ವಿಷಯ, ನಿಮ್ಮ ಲ್ಯಾಬಿನದೇ ರಿಪೋರ್ಟು. ನಾವು ಏನಾದರೂ ತಪ್ಪಿಸಿಕೊಂಡೆವಾ? ನಾನು ಇನ್ನೊಬ್ಬ ಡಾಕ್ಟರನ್ನು ಕೇಳಬೇಕಿತ್ತಾ? ನನ್ನ ತಪ್ಪಿದ್ದರೂ ಸರಿ, ಹೇಳು. ಮುಚ್ಚಬೇಡ.

ಭಾನುವಾರ ಊಟಕ್ಕೆ ಬಾ. ಒಬ್ಬಳೇ ತಿನ್ನಲು ಆಗುವುದಿಲ್ಲ.

ನಿನ್ನ
ಪ್ರಿಯಾ


ಡೊಂಬಿವಲಿ
25 ಜೂನ್ 2025

ಪ್ರಿಯಾ,

ನಿನ್ನ ತಪ್ಪಲ್ಲ. ಇದನ್ನು ಮೊದಲು ಓದು, ಆಮೇಲೆ ಮುಂದಿನದು.

ತಪ್ಪು ನನ್ನದು. ಆ ರಿಪೋರ್ಟು ಟೈಪ್ ಮಾಡಿದವಳು ನಾನು. ಡಾಕ್ಟರ್ ಅಳೆದದ್ದು ಎಂಟುನೂರು ಮೈಕ್ರೋಮೀಟರ್. ಅಂದರೆ 0.8 ಮಿಲಿಮೀಟರ್, ಒಂದಕ್ಕಿಂತ ಕಡಿಮೆ. ನಾನು 0.8 ಸೆಂಟಿಮೀಟರ್ ಎಂದು ಬರೆದೆ, ಅಂದರೆ ಎಂಟು ಮಿಲಿಮೀಟರ್. ಸರಿಯಾಗಿ ಬರೆದಿದ್ದರೆ ಅಮ್ಮನಿಗೆ ರೇಡಿಯೇಶನ್ ಕೊಡುತ್ತಿದ್ದರು. ಕೊಟ್ಟಿದ್ದರೆ ಉಳಿಯುತ್ತಿದ್ದರೋ ಯಾರೂ ಹೇಳಲಾರರು. ಆ ಅವಕಾಶ ನಾನು ಕಿತ್ತುಕೊಂಡೆ.

ನನಗೆ ಗೊತ್ತಾದದ್ದು ಫೆಬ್ರವರಿಯಲ್ಲಿ. ಗೊತ್ತಾದ ವಾರವೇ ಅಮ್ಮನಿಗೆ ಬರೆದೆ. ಅವರು ಉತ್ತರ ಬರೆದರು. ನಾವು ಆರು ಕಾಗದ ಬರೆದುಕೊಂಡೆವು. ನೀನು ಬ್ಯಾಂಕಿಗೆ ಹೋದ ಮೇಲೆ ಟಪಾಲು ಬರುತ್ತಿತ್ತು, ಅಮ್ಮನ ಕಾಗದವನ್ನು ದ್ರೌಪದಿ ಅಂಚೆ ಡಬ್ಬಿಗೆ ಹಾಕುತ್ತಿದ್ದಳು. ಅವಳಿಗೆ ಏನೂ ಗೊತ್ತಿಲ್ಲ, ಅವಳನ್ನು ಬಯ್ಯಬೇಡ. ತಾನಿರುವ ತನಕ ನಿನಗೆ ಹೇಳಬೇಡ ಎಂದು ಅಮ್ಮ ಬರೆದರು. ನೀನು ಕೇಳಿದರೆ ಸುಳ್ಳು ಹೇಳಬೇಡ ಎಂದೂ ಬರೆದರು. ಈಗ ನೀನು ಕೇಳಿದ್ದಿ.

ಅದೇ ದಿನ ಕಲ್ಯಾಣದ ಒಬ್ಬ ಟೇಲರ್, ಸುನಿಲ ಎಂಬವರ ರಿಪೋರ್ಟಿನಲ್ಲೂ ಇದೇ ತಪ್ಪು ಮಾಡಿದ್ದೆ. ಹುಡುಕಿ ಹೋಗಿ ಹೇಳಲು ಅಮ್ಮ ಕಳಿಸಿದರು. ಅವರಿಗೆ ಚಿಕಿತ್ಸೆ ನಡೆಯುತ್ತಿದೆ.

ನೀನು ಎಲ್ಲಿಗೆ ದೂರು ಕೊಟ್ಟರೂ ಬಂದು ಇದನ್ನೇ ಹೇಳುತ್ತೇನೆ, ಸಹಿ ಹಾಕುತ್ತೇನೆ.

ನಾಲ್ಕು ತಿಂಗಳು ನಿನ್ನ ಕೈಯ ಊಟ ಉಂಡೆ, ನಿನ್ನ ತೊಡೆಯ ಮೇಲೆ ತಲೆ ಇಟ್ಟು ಅತ್ತೆ. ಅದು ನಾಟಕವಾಗಿರಲಿಲ್ಲ ಪ್ರಿಯಾ. ಬೇರೆ ಏನು ಬರೆದರೂ ಸುಳ್ಳಾಗಿ ಕಾಣುತ್ತದೆ.

ಭಾನುವಾರ ನಾನು ಬರುವುದಿಲ್ಲ. ನೀನು ಕರೆದರೆ ಬರುತ್ತೇನೆ.

ಪ್ರಫುಲ್ಲಾ


ಡೊಂಬಿವಲಿ
10 ನವೆಂಬರ್ 2025

ಪ್ರಫುಲ್ಲಾ,

ಅಮ್ಮ ನಿನಗೆ ಬರೆದ ಕಾಗದಗಳು ನನಗೆ ಬೇಕು. ಅಸಲು ಪ್ರತಿ. ಕೊರಿಯರಿನಲ್ಲಿ ಕಳಿಸು, ನೀನು ಬರಬೇಡ.

ಶ್ರೀಪ್ರಿಯಾ


ಡೊಂಬಿವಲಿ
12 ನವೆಂಬರ್ 2025

ಪ್ರಿಯಾ,

ಮೂರೂ ಕಳಿಸಿದ್ದೇನೆ. ನಕಲು ಇಟ್ಟುಕೊಂಡಿಲ್ಲ. ಮೇ ತಿಂಗಳ ಕಾಗದದ ಅಂಚಿನಲ್ಲಿ ಗಂಜಿಯ ಕಲೆ ಇದೆ, ಅದು ಬಂದಾಗಲೇ ಇತ್ತು.

ಪ್ರಫುಲ್ಲಾ


ಡೊಂಬಿವಲಿ
4 ಜನವರಿ 2026

ಪ್ರಫುಲ್ಲಾ,

ಇದು ಕೊನೆಯದು, ಹಾಗಾಗಿ ಎಲ್ಲವನ್ನೂ ಬರೆದುಬಿಡುತ್ತೇನೆ.

ದೂರು ಕೊಟ್ಟಿದ್ದೇನೆ. ನಿನ್ನ ಹೆಸರೂ ಇದೆ, ಡಾಕ್ಟರ್ ಸುದರ್ಶನರ ಹೆಸರೂ ಇದೆ. ಕರೆದಾಗ ಬಂದು ಹೇಳುತ್ತೇನೆಂದು ನೀನೇ ಬರೆದಿದ್ದಿ, ಬಾ. ಅಲ್ಲಿ ನನ್ನನ್ನು ಮಾತಾಡಿಸಬೇಡ.

ಕಲ್ಯಾಣಕ್ಕೂ ಹೋಗಿದ್ದೆ. ಆ ಟೇಲರ್ ಅಂಗಡಿ ಹುಡುಕಿದೆ. ಅವರು ಕೂತು ಹೊಲಿಯುತ್ತಿದ್ದರು. ಒಂದು ಕಡೆಯ ಕೆನ್ನೆ ಒಳಗೆ ಹೋಗಿದೆ, ಮಾತು ಸ್ವಲ್ಪ ತೊದಲುತ್ತದೆ, ಆದರೆ ಮಾತಾಡುತ್ತಾರೆ. ಬ್ಲೌಸ್ ಹೊಲಿಸಲು ಬಂದವಳ ಹಾಗೆ ನಿಂತೆ. ಅವರ ಹೆಂಡತಿ ಯಾರೊಡನೆಯೋ ಹೇಳುತ್ತಿದ್ದರು, ಗಂಡನಿಗೆ ರೇಡಿಯೇಶನ್ ಮುಗಿಯಿತು, ಈಗ ಅನ್ನ ಕಲಸಿ ತಿನ್ನುತ್ತಾರೆ ಎಂದು. ನನಗೆ ಸಂತೋಷವಾಗಬೇಕಿತ್ತು. ಅಮ್ಮನಿಗೆ ಆಗುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಒಂದೇ ದಿನ, ಒಂದೇ ತಪ್ಪು, ಇವರು ಅನ್ನ ತಿನ್ನುತ್ತಿದ್ದಾರೆ. ನಾನು ಯಾರೆಂದು ಹೇಳದೆ ಬಂದುಬಿಟ್ಟೆ. ಮನೆಯ ದಿಕ್ಕು ಬಿಟ್ಟು ಅಂಬರನಾಥದ ಕಡೆಗೆ ಹೋಗುವ ಗಾಡಿ ಹತ್ತಿ, ಬದಲಾಪುರದ ತನಕ ಹೋಗಿ, ಅದೇ ಗಾಡಿಯಲ್ಲಿ ವಾಪಸ್ ಬಂದೆ.

ನಿನ್ನ ಒಂದು ಸೊನ್ನೆಯನ್ನು ನಾನು ಒಂದು ದಿನ ಕ್ಷಮಿಸಬಹುದೋ ಏನೋ. ಬ್ಯಾಂಕಿನಲ್ಲಿ ನನ್ನ ಕೈಯಿಂದಲೂ ತಪ್ಪಾಗುತ್ತದೆ, ಅಲ್ಲಿ ಯಾರೂ ಸಾಯುವುದಿಲ್ಲ ಅಷ್ಟೇ ವ್ಯತ್ಯಾಸ. ಅದಲ್ಲ ಪ್ರಫುಲ್ಲಾ.

ಅಮ್ಮನ ಮೂರು ಕಾಗದವನ್ನೂ ಓದಿದೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ. ನಿನ್ನ ಮೇಲೆ ಸಿಟ್ಟಾಗಿದ್ದು, ಇಳಿದದ್ದು, ನಿನ್ನ ಸಣ್ಣವಯಸ್ಸು, ನನ್ನ ಲಂಗ, ಸಾವಿನ ಯೋಚನೆ, ಗುರುತಿಲ್ಲದ ಆ ಮನುಷ್ಯನ ಮೇಲಿನ ಆಸೆ. ಮಗಳ ತಪ್ಪು ಎಂದು ಬರೆದಿದ್ದಾರೆ. ಅಮ್ಮ ಎಂದು ಸಹಿ ಹಾಕಬೇಕೆಂದಿದ್ದೆ ಎಂದು ಬರೆದಿದ್ದಾರೆ. ಆ ಐದು ದಿನ, ದಿನಕ್ಕೆ ನಾಲ್ಕು ಸಾಲು. ಕೈಯಲ್ಲಿ ಉಳಿದಿದ್ದ ಶಕ್ತಿ ಅಷ್ಟೇ. ಅದನ್ನು ನಾನು ಬ್ಯಾಂಕಿಗೆ ಹೋದ ಮೇಲೆ ನಿನಗೆ ಖರ್ಚು ಮಾಡಿದರು. ನಾನು ಸಂಜೆ ಬರುವಾಗ ಕೈ ಸೋತಿರುತ್ತಿತ್ತು. ಇವತ್ತು ಯಾಕಮ್ಮ ಇಷ್ಟು ಸುಸ್ತು ಎಂದು ನಾನು ಬೆರಳು ಒತ್ತುತ್ತಿದ್ದೆ.

ನನಗೂ ಅಮ್ಮ ಬರೆದಿದ್ದಾರೆ. ಮಂಚದ ಪಕ್ಕ, ಬೇಕಾದ್ದನ್ನು ಬರೆದು ತೋರಿಸಲು, ಒಂದು ಪ್ಯಾಡ್ ಇತ್ತು. ಅದನ್ನು ಎಸೆಯದೆ ಇಟ್ಟಿದ್ದೆ. ನಿನ್ನ ಕೊರಿಯರ್ ಬಂದ ದಿನದಿಂದ ಅದನ್ನು ಮೊದಲ ಹಾಳೆಯಿಂದ ಕೊನೆಯ ತನಕ ದಿನಾ ಓದುತ್ತಿದ್ದೇನೆ, ನನಗೆಂದು ಬೇರೆ ಏನಾದರೂ ಇದೆಯೇ ಎಂದು. ಎಲ್ಲಾದರೂ ಒಂದು ಸಾಲು. ಇಲ್ಲ. ಇರುವುದು ಇಷ್ಟೇ:

ನೀರು. ಫ್ಯಾನ್ ಸ್ವಲ್ಪ ಕಡಿಮೆ. ಬೆನ್ನು ಎತ್ತು. ಕಿಟಕಿ. ನಿನ್ನ ಊಟ ಆಯಿತಾ. ನೀರು. ತಡವಾಯಿತು, ಬ್ಯಾಂಕಿಗೆ ಹೋಗು.

ಶ್ರೀಪ್ರಿಯಾ